ತುಪ್ಪ ತಿಂದವರು ಸರಿ, ಸಾಲ ಕೊಟ್ಟವರು ಯಾರು?

ನಮಸ್ಕಾರ. ಯೂರೋ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ತುಂಬ ಓದಿಕೊಂಡಿದ್ದೀರಿ, ಸಂತೋಷ. ಆದರೆ ಗ್ರೀಸಿನ ಪ್ಯಾರಾ ಓದಿ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ.

‘ಗ್ರೀಕರು ಸಾಲ ಮಾಡಿ ತುಪ್ಪ ತಿಂದರು.’ ಗಾದೆ ಕೈಗೆ ಸಿಕ್ಕಿತು, ಬರೆದುಬಿಟ್ಟಿರಿ, ಅಲ್ವಾ? ಸರ್ಕಾರ ಲೆಕ್ಕ ಮುಚ್ಚಿಟ್ಟಿದ್ದು ನಿಜ. ಆದರೆ 2001ರಲ್ಲಿ ಗ್ರೀಸ್ ಯೂರೋಗೆ ಸೇರಿದ ಮೇಲೆ ಹೆಚ್ಚುಕಡಿಮೆ ಜರ್ಮನಿಯ ಬಡ್ಡಿಗೇ ಅದಕ್ಕೆ ಸಾಲ ಸಿಗುತ್ತಿತ್ತು. ಕೊಟ್ಟವರಲ್ಲಿ ಜರ್ಮನಿ, ಫ್ರಾನ್ಸಿನ ಬ್ಯಾಂಕುಗಳೂ ಇದ್ದವು. ಅವರ ಸುದ್ದಿಯೇ ಇಲ್ಲವಲ್ಲ?

ಮುಂದಿನ ಸಾಲು: ‘ನಾಣ್ಯದ ಬೆಲೆ ಇಳಿಸಿ ಗ್ರೀಸ್ ಪಾರಾಗಬಹುದಿತ್ತು.’ ಯಾವ ನಾಣ್ಯ? ಗ್ರೀಸಿನ ಸ್ವಂತ ನಾಣ್ಯ ದ್ರಾಕ್ಮಾ ಹೋಗಿ ಎಷ್ಟೋ ವರ್ಷವಾಗಿತ್ತು. ಬಡ್ಡಿ ದರ ನಿರ್ಧಾರವಾಗುವುದು ಫ್ರಾಂಕ್‌ಫರ್ಟಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನಲ್ಲಿ, ಯೂರೋ ಬಳಸುವ ಎಲ್ಲ ದೇಶಕ್ಕೂ ಒಂದೇ. ಉಳಿದ ದಾರಿ ಸಂಬಳ, ಪಿಂಚಣಿ ಕತ್ತರಿಸುವುದು. 2013ರಲ್ಲಿ ಅಲ್ಲಿ ನಿರುದ್ಯೋಗ ಶೇ. 27 ದಾಟಿತು. ನಿಮ್ಮ ಲೇಖನದ ಜೀವವೇ ಇದು. ಅದಕ್ಕೇ ಅರ್ಧ ಸಾಲು!

ಕೊನೆಗೆ, ‘2015ರಲ್ಲಿ ಜನ ತೊಂದರೆ ಅನುಭವಿಸಿದರು.’ ನಾನು ಡೆಸ್ಕಿಗೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಇಂಥ ಸಾಲು ಕಂಡರೆ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಯಾರು? ಎಷ್ಟು?’ ಎಂದು ಗೀಚಿ ವಾಪಸ್ ಎಸೆಯುತ್ತಿದ್ದರು. ಬೈಗುಳವಿಲ್ಲ, ವಿವರಣೆಯೂ ಇಲ್ಲ. ‘ಬೆಲೆ ಏರಿಕೆಗೆ ಜನ ತತ್ತರ’ ಎಂದು ಬರೆದವರನ್ನು ಈರುಳ್ಳಿ ರೇಟು ಕೇಳಿಕೊಂಡು ಬಾ ಅಂತ ಮಾರ್ಕೆಟ್ಟಿಗೆ ಅಟ್ಟಿದ್ದೂ ಉಂಟು. ಆಗ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ಈಗ ಅದೇ ಎರಡು ಪದ ನಿಮಗೆ ಬರೆಯುತ್ತಿದ್ದೇನೆ. ಆ ಜೂನ್ ಕೊನೆಯಲ್ಲಿ ಗ್ರೀಸಿನ ಬ್ಯಾಂಕುಗಳು ಬಾಗಿಲು ಹಾಕಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. 20ರ ನೋಟು ಖಾಲಿಯಾದ ಕಡೆ ಕೈಗೆ ಬಂದದ್ದು 50. ಇಷ್ಟು ಹೇಳಿ ಸಾಕು. 2016ರ ನವೆಂಬರಿನಲ್ಲಿ ಎಟಿಎಂ ಮುಂದೆ ನಿಂತ ನಮ್ಮ ಓದುಗರಿಗೆ ಮಿಕ್ಕದ್ದು ತಾನಾಗಿ ಗೊತ್ತಾಗುತ್ತದೆ.

‘ಯೂರೋ ಭವಿಷ್ಯಕ್ಕೆ ಕಾಲವೇ ಉತ್ತರಿಸಬೇಕು’ ಎಂಬುದನ್ನು ಹೊಡೆದುಹಾಕಿದ್ದೇನೆ. ಗ್ರೀಸಿನ ಪಾಡನ್ನು ಪಕ್ಕದಲ್ಲೇ ನಿಂತು ನೋಡಿದ ಬಲ್ಗೇರಿಯಾ 2026ರ ಜನವರಿ 1ರಂದು 21ನೇ ದೇಶವಾಗಿ ಸೇರಿತಲ್ಲ, ಯಾಕೆ? ತನ್ನ ನಾಣ್ಯ ಲೆವ್‌ನ ಬೆಲೆಯನ್ನು ಅದು 1997ರಲ್ಲೇ ಜರ್ಮನ್ ಮಾರ್ಕಿಗೆ, ಆಮೇಲೆ ಯೂರೋಗೆ ಕಟ್ಟಿಹಾಕಿಕೊಂಡಿತ್ತು. ನಾಣ್ಯದ ಬೆಲೆ ಇಳಿಸುವ ದಾರಿಯನ್ನು ಆಗಲೇ ಬಿಟ್ಟುಕೊಟ್ಟಿತ್ತು. ಅಲ್ಲಿಂದ ಹಿಡಿದು ಕೊನೆಯ ಭಾಗ ಹೊಸದಾಗಿ ಬರೆಯಿರಿ. 1200 ಪದ ದಾಟಬೇಡಿ, ಪುಟದಲ್ಲಿ ಜಾಗವಿಲ್ಲ.