ಮೊಲದ ಜಾಡು, ಬೀಗಲ್ ಮೂಗು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ನೆಲೆಸಿ, ಮೊಲದ ವಾಸನೆ ಹಿಡಿದು ಕೂಗುತ್ತಾ ಅಟ್ಟುವ ಬೀಗಲ್ ನಾಯಿ ಸಾಕಿರುವ ಓದುಗರಿಂದ ಮೊಲದ ಬೇಟೆ ಕುರಿತು ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳು ಅಲ್ಲಿನ ಕಾಟನ್‌ಟೇಲ್ ಮೊಲ, ಅಲ್ಲಿನ ಹವೆ, ಅಲ್ಲಿನ ಕಾನೂನಿಗಷ್ಟೇ ಅನ್ವಯ. ಭಾರತದಲ್ಲಿ ಕಾಡುಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಊರಿಗೆ ಬಂದಾಗ ಇದನ್ನು ಪ್ರಯೋಗಿಸಲು ಹೋಗಬೇಡಿ.

ಪ್ರಶ್ನೆ: ನನ್ನ ಎರಡು ವರ್ಷದ ಬೀಗಲ್ ಮೊಲ ಎಬ್ಬಿಸುತ್ತದೆ, ಕೂಗುತ್ತಾ ನೂರಿನ್ನೂರು ಗಜ ಓಡುತ್ತದೆ, ಆಮೇಲೆ ಗಪ್‌ಚಿಪ್. ನಾನೇ ಹೋಗಿ ಮೊಲ ಹೋದ ದಿಕ್ಕು ತೋರಿಸಿದರೆ ಮತ್ತೆ ಶುರುಮಾಡುತ್ತದೆ. ನಾಯಿಯ ಮೂಗು ಮಂದವೇ? (ಓಹಾಯೋ)

ಮೂಗು ಮಂದವಾಗಿದ್ದರೆ ಮೊದಲ ನೂರು ಗಜವೂ ಓಡುತ್ತಿರಲಿಲ್ಲ. ನೀವು ದಿಕ್ಕು ತೋರಿಸುವುದೇ ಇಲ್ಲಿ ತೊಂದರೆ. ಕಷ್ಟ ಬಂದಾಗ ಯಜಮಾನ ಬರುತ್ತಾನೆ ಎಂದು ನಾಯಿ ಕಲಿತುಬಿಟ್ಟಿದೆ. ಅಷ್ಟೇ ಅಲ್ಲ, ನೀವು ಪೊದೆಯೊಳಗೆ ನಡೆದಾಗ ಉಳಿದಿದ್ದ ಸ್ವಲ್ಪ ವಾಸನೆಯೂ ನಿಮ್ಮ ಬೂಟಿನಡಿ ಹಾಳಾಗುತ್ತದೆ.

ಜಾಡು ತಪ್ಪುವ ಜಾಗದಲ್ಲಿ ಮೊಲ ಏನು ಮಾಡಿರುತ್ತದೆ ಎಂದು ತಿಳಿದರೆ ಸುಮ್ಮನಿರುವುದು ಸುಲಭ. ನೇರ ಓಡುತ್ತಿದ್ದ ಮೊಲ ನಿಂತು, ತಾನು ಬಂದ ದಾರಿಯಲ್ಲೇ ಹತ್ತಿಪ್ಪತ್ತು ಅಡಿ ಹಿಂದಕ್ಕೆ ಬಂದು, ಅಲ್ಲಿಂದ ಪಕ್ಕಕ್ಕೆ ಒಂದೇ ನೆಗೆತ ನೆಗೆಯುತ್ತದೆ. ನಾಯಿಯ ಮಟ್ಟಿಗೆ ಜಾಡು ಅಲ್ಲಿ ಗಾಳಿಯಲ್ಲಿ ಕರಗಿಹೋಗುತ್ತದೆ. ಇಲ್ಲವೇ ಮೊಲ ಜಲ್ಲಿ ರಸ್ತೆ, ಉತ್ತ ಹೊಲ, ಹೆಪ್ಪುಗಟ್ಟಿದ ಹಳ್ಳದಂಥ ವಾಸನೆ ನಿಲ್ಲದ ಬರಿನೆಲದ ಮೇಲೆ ಓಡಿರುತ್ತದೆ. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಮೊಲ ಎಲ್ಲೂ ಹೋಗಿರುವುದಿಲ್ಲ, ಹುಲ್ಲಿನ ಗುಪ್ಪೆಯೊಳಗೆ ಕಿವಿ ಬೆನ್ನಿಗೆ ಅಂಟಿಸಿ ಮೈ ಹಿಡಿ ಮಾಡಿ ಕೂತಿರುತ್ತದೆ. ಓಡದ ಮೊಲ ಹೊಸ ವಾಸನೆ ಬಿಡುವುದು ಬಹಳ ಕಡಿಮೆ.

ಒಳ್ಳೆಯ ಬೀಗಲ್ ಕಳೆದುಕೊಂಡ ಬಿಂದುವಿಗೇ ಮರಳಿ, ಅಲ್ಲಿಂದ ಸಣ್ಣ ಸುತ್ತು ಹಾಕುತ್ತದೆ, ಸಿಗದಿದ್ದರೆ ಸುತ್ತನ್ನು ನಿಧಾನವಾಗಿ ದೊಡ್ಡದು ಮಾಡುತ್ತದೆ. ಹೆಚ್ಚಿನ ಸಲ ಉತ್ತರ ಆ ಬಿಂದುವಿನಿಂದ ಕೆಲವೇ ಗಜದೊಳಗೆ ಇರುತ್ತದೆ. ಹುರುಪು ಹೆಚ್ಚಿರುವ ಎಳೆ ನಾಯಿ ಐವತ್ತು ಗಜ ಮುಂದಕ್ಕೆ ಹಾರಿಹೋಗಿ ಅಲ್ಲಿ ಹುಡುಕುತ್ತದೆ. ಅದೃಷ್ಟವಿದ್ದರೆ ಒಮ್ಮೊಮ್ಮೆ ಸಿಗುವುದರಿಂದ ಅದೇ ಚಟವಾಗುತ್ತದೆ. ನೀವು ಮಾಡಬೇಕಾದ್ದು ಇಷ್ಟು: ನಿಂತಲ್ಲೇ ನಿಲ್ಲಿ, ಬಾಯಿ ಮುಚ್ಚಿಕೊಳ್ಳಿ, ಗಡಿಯಾರ ನೋಡಿಕೊಂಡು 10 ನಿಮಿಷ ಕೊಡಿ. ಆಗಲೂ ಸಿಗದಿದ್ದರೆ ನಾಯಿಯನ್ನು ಕರೆದು ಬೇರೆ ಪೊದೆಯಲ್ಲಿ ಬೇರೆ ಮೊಲ ಎಬ್ಬಿಸಿ, ಅದೇ ಜಾಡಿಗೆ ಎಳೆದೊಯ್ದು ಹಚ್ಚಬೇಡಿ. ನಾಲ್ಕಾರು ವಾರ ಹೀಗೆ ಬಿಟ್ಟರೆ ನಾಯಿ ನಿಮ್ಮ ಮುಖ ನೋಡುವುದನ್ನು ಬಿಡುತ್ತದೆ.

ಜಾಡಿಲ್ಲದಿದ್ದರೂ ಕೂಗುವ ನಾಯಿ, ಮೊಲ ಬಂದ ದಿಕ್ಕಿಗೇ ಹಿಂದಕ್ಕೆ ಓಡುವ ನಾಯಿ, ಇವೆರಡು ಮಾತ್ರ ನಿಜವಾದ ದೋಷ. ಗುಂಪಿನಲ್ಲಿ ಅಂಥದ್ದೊಂದಿದ್ದರೆ ಉಳಿದವೂ ಕೆಡುತ್ತವೆ, ಬೇರೆಯಾಗಿ ಓಡಿಸಿ.

ಪ್ರಶ್ನೆ: ಅದೇ ನಾಯಿ, ಅದೇ ಜಾಗ. ಒಂದು ವಾರ ಗಂಟೆಗಟ್ಟಲೆ ಓಡಿಸುತ್ತದೆ, ಮುಂದಿನ ವಾರ ಏನೂ ಇಲ್ಲ. ಋತು ಬದಲಾದಂತೆ ಏನು ಬದಲಾಗುತ್ತದೆ? (ಪೆನ್ಸಿಲ್ವೇನಿಯಾ)

ಬದಲಾಗುವುದು ನೆಲ, ಹಳು, ಮೊಲ ಮೂರೂ.

ಅಕ್ಟೋಬರ್, ನವೆಂಬರ್ ಮೊದಲ ಭಾಗದಲ್ಲಿ ಹುಲ್ಲು, ಮುಳ್ಳುಕಂಟಿ ಎದೆಮಟ್ಟ ಇರುತ್ತದೆ. ಮೊಲ ಬೇಕಾದಷ್ಟು, ಅದರಲ್ಲೂ ಅದೇ ವರ್ಷದ ಎಳೆಯವು. ಆದರೆ ಕಾಣುವುದಿಲ್ಲ. ಒಣ ಎಲೆ, ಬಿಸಿಲು, ಬೀಸುಗಾಳಿ ಸೇರಿದರೆ ಜಾಡು ನಿಮಿಷಗಳಲ್ಲಿ ಆರಿಹೋಗುತ್ತದೆ. ಈ ದಿನಗಳಲ್ಲಿ ಬೆಳಕು ಹರಿದಾಗ ಶುರುಮಾಡಿ ಹತ್ತು ಗಂಟೆಗೆ ಮುಗಿಸುವುದು ಜಾಣತನ. ಬೇಸಿಗೆಯಿಡೀ ಮಲಗಿದ್ದ ನಾಯಿಗೆ ಸೆಕೆಯೇ ದೊಡ್ಡ ಶತ್ರು. ನಾಲಿಗೆ ಅಗಲವಾಗಿ ಜೋತು, ಒಸಡು ಇಟ್ಟಿಗೆ ಕೆಂಪಾಗಿ, ನಡಿಗೆ ತೂರಾಡಿದರೆ ಬೇಟೆ ಅಲ್ಲಿಗೇ ನಿಲ್ಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಾ ಪಶುವೈದ್ಯರ ಬಳಿ ಒಯ್ಯಿರಿ.

ಡಿಸೆಂಬರ್ ಹೊತ್ತಿಗೆ ಹಳು ಕುಸಿದು ಮೊಲ ಕಣ್ಣಿಗೆ ಬೀಳುತ್ತದೆ. ನೆಲ ತೇವವಾಗಿ, ಗಾಳಿಗಿಂತ ತುಸು ಬೆಚ್ಚಗಿದ್ದರೆ ಜಾಡು ಚೆನ್ನಾಗಿ ನಿಲ್ಲುತ್ತದೆ. ಮೋಡ ಮುಸುಕಿ, ಗಾಳಿಯಿಲ್ಲದೆ, ಸಣ್ಣ ಜಿನುಗು ಇರುವ ದಿನ ಸಿಕ್ಕರೆ ಆಫೀಸಿಗೆ ರಜೆ ಹಾಕಿ. ಜೋರು ಮಳೆ ಬಿದ್ದರೆ ಜಾಡು ತೊಳೆದುಹೋಗುತ್ತದೆ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ ಬೆಳಗ್ಗೆ ಅವಸರ ಬೇಡ, ಬಿಸಿಲು ತಾಗಿ ಮೇಲ್ಪದರ ಹಸಿಯಾದ ಮೇಲೆ ನಾಯಿ ಬಿಡಿ.

ಹಿಮದಲ್ಲೂ ಬಗೆಗಳಿವೆ. ಹಿಡಿದರೆ ಉಂಡೆ ಕಟ್ಟುವ ಒದ್ದೆ ಹಿಮದಲ್ಲಿ ಜಾಡು ನಿಲ್ಲುತ್ತದೆ. ಹಿಟ್ಟಿನಂಥ ಒಣ ಹಿಮದಲ್ಲಿ ಹೆಜ್ಜೆ ನಿಮಗೆ ಕಾಣುತ್ತದೆ, ನಾಯಿಗೆ ವಾಸನೆ ಸಿಗುವುದಿಲ್ಲ. ಮೇಲೆ ಗಾಜಿನಂಥ ಪದರ ಕಟ್ಟಿದ್ದರೆ ಹಗುರ ಮೊಲ ಮೇಲೆ ಓಡುತ್ತದೆ, ನಾಯಿ ಹೆಜ್ಜೆಹೆಜ್ಜೆಗೂ ಕುಸಿದು ಕಾಲು ಕೊಯ್ದುಕೊಳ್ಳುತ್ತದೆ. ಆ ದಿನ ಮನೆಯಲ್ಲಿರಿ.

ಫೆಬ್ರವರಿಯ ಮೊಲ ಬೇರೆಯೇ ಪ್ರಾಣಿ. ಉಳಿದಿರುವವು ನಾಯಿಯ ಕೂಗು ಕೇಳಿ ಪಳಗಿದವು. ನಾಯಿ ಇನ್ನೂ ದೂರವಿರುವಾಗಲೇ ಎದ್ದು ಹೊರಡುತ್ತವೆ. ಬೆದೆಗಾಲ ಶುರುವಾಗುವುದರಿಂದ ಹೆಣ್ಣು ಹುಡುಕಿಕೊಂಡು ಬಂದ ಗಂಡು ಮೊಲ ಎಬ್ಬಿಸಿದರೆ ಅದು ಸಣ್ಣ ಸುತ್ತು ಹಾಕದೆ ತನ್ನ ಸ್ವಂತ ಜಾಗಕ್ಕೆ ನೇರ ಓಡಬಹುದು. ನಾಯಿ ಕಿವಿಗೆ ಕೇಳದಷ್ಟು ದೂರ ಹೋಯಿತೆಂದರೆ ಅದು ನಾಯಿಯ ತಪ್ಪಲ್ಲ.

ಬೇಟೆಯ ದಿನಾಂಕ, ದಿನಕ್ಕೆಷ್ಟು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಓಹಾಯೋದಲ್ಲಿ ದಿನಕ್ಕೆ 4, ಜಾರ್ಜಿಯಾದಲ್ಲಿ 12. ಪ್ರತಿ ವರ್ಷದ ನಿಯಮ ಪುಸ್ತಿಕೆ ನೋಡದೆ ಹೊರಡಬೇಡಿ.

ಪ್ರಶ್ನೆ: ನಾಯಿ ಓಡಿಸುತ್ತಿರುವಾಗ ನಾನು ಹಿಂದೆ ಓಡಬೇಕೇ, ನಿಲ್ಲಬೇಕೇ? ಯಾವ ಕೋವಿ? (ಕೆಂಟಕಿ)

ಓಡಬೇಡಿ. ಕಾಟನ್‌ಟೇಲ್ ತಾನಿರುವ ಕೆಲವೇ ಎಕರೆ ಬಿಟ್ಟು ಹೋಗಲು ಇಷ್ಟಪಡುವುದಿಲ್ಲ. ಸುತ್ತು ಹಾಕಿ ಎದ್ದ ಜಾಗದ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಮೊಲ ಎದ್ದ ಮಟ್ಟಿಯ ಬಳಿ, ಎರಡು ಪೊದೆಗಳ ನಡುವಿನ ತೆರವು ಕಾಣುವ ಕಡೆ ನಿಲ್ಲಿ. ಮೊಲ ನಾಯಿಗಿಂತ ಬಹಳ ಮುಂದಿರುತ್ತದೆ, ಐವತ್ತು ನೂರು ಗಜ ಸಾಮಾನ್ಯ. ಅದು ನಾಯಿಯ ಕೂಗಿಗೆ ಕಿವಿಗೊಟ್ಟು, ನಿಂತು ನಿಂತು, ಸದ್ದಿಲ್ಲದೆ ಬರುತ್ತದೆ. ಹೊಸಬರು ಕೂಗು ಬರುವ ಕಡೆಗೇ ಕಣ್ಣಿಟ್ಟು, ಕಾಲಬಳಿ ಹಾದುಹೋದದ್ದನ್ನು ನೋಡುವುದೇ ಇಲ್ಲ. ಕಣ್ಣು ಕೂಗಿನ ಮುಂದಿರಲಿ, ಮೈ ಅಲುಗದಿರಲಿ. ನಿಂತ ಮನುಷ್ಯನನ್ನು ಮೊಲ ಮರದ ಬೊಡ್ಡೆ ಎಂದುಕೊಳ್ಳುತ್ತದೆ, ಕೈ ಎತ್ತಿದರೆ ತಿರುಗಿಬಿಡುತ್ತದೆ.

20 ಬೋರ್ ಕೋವಿ, ಇಂಪ್ರೂವ್ಡ್ ಸಿಲಿಂಡರ್ ಚೋಕ್ (ಚರೆ ಬೇಗ ಹರಡುವಂತೆ ನಳಿಗೆಯ ತುದಿ ತುಸುವೇ ಕಿರಿದಾದದ್ದು), 6 ಅಥವಾ 7½ ನಂಬರ್ ಚರೆ ಸಾಕು. ಈಡು ಬೀಳುವುದು ಬಹುತೇಕ 30 ಗಜದೊಳಗೆ. ಮೊದಲ ಸಲ ಎದ್ದು ಓಡುವ ಮೊಲಕ್ಕೆ ಹೊಡೆಯದಿರುವುದು ಬೀಗಲ್ ಸಾಕಿದವರ ಪದ್ಧತಿ. ಹಿಂದೆಯೇ ನಾಯಿ ಇರುತ್ತದೆ, ಮತ್ತೆ ಓಟದ ಸಂಗೀತ ಕೇಳುವುದಕ್ಕಲ್ಲವೇ ಬಂದಿರುವುದು. ನಾಯಿಗಳಲ್ಲಿ ಪ್ರತಿಯೊಂದೂ ಎಲ್ಲಿದೆ ಎಂದು ಗೊತ್ತಿಲ್ಲದೆ, ಪೊದೆ ಅಲುಗಿತೆಂದು ಹೊಡೆಯುವವರನ್ನು ಜೊತೆಗೆ ಕರೆದೊಯ್ಯಬೇಡಿ. ಕಿತ್ತಳೆ ಬಣ್ಣದ ಅಂಗಿ, ಟೋಪಿ ಕಡ್ಡಾಯ ಎಂದೇ ಭಾವಿಸಿ. ಪೆನ್ಸಿಲ್ವೇನಿಯಾದ ನಿಯಮದಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಇರಬೇಕು.

ಪ್ರಶ್ನೆ: ಮೊಲ ಬಿಲ ಹೊಕ್ಕರೆ? (ಇಂಡಿಯಾನ)

ಬಿಟ್ಟುಬಿಡಿ. ಕಾಟನ್‌ಟೇಲ್ ತಾನೇ ಬಿಲ ತೋಡುವುದಿಲ್ಲ, ವುಡ್‌ಚಕ್ ಎಂಬ ದೊಡ್ಡ ನೆಲಅಳಿಲು ತೋಡಿದ ಹಳೆಯ ಬಿಲ ಹೊಗುತ್ತದೆ. ಹೊಗೆ ಹಾಕುವುದು, ಫೆರೆಟ್ (ಬಿಲಕ್ಕೆ ನುಗ್ಗುವ, ಮುಂಗುಸಿಯಂಥ ಸಾಕುಪ್ರಾಣಿ) ಬಿಡುವುದು ಹಲವು ರಾಜ್ಯಗಳಲ್ಲಿ ನಿಷಿದ್ಧ. ನಾಯಿಯನ್ನು ಬಿಲದ ಬಾಯಿಗೆ ಕರೆದು, ಮೂಸಲು ಬಿಟ್ಟು, ಬೆನ್ನು ತಟ್ಟಿ. ಕೆಲಸ ಮುಗಿಯಿತೆಂದು ಅದಕ್ಕೆ ಗೊತ್ತಾಗಬೇಕು.

ಪ್ರಶ್ನೆ: ಐದು ತಿಂಗಳ ಮರಿ ಇದೆ. ಈ ವರ್ಷವೇ ಬೇಟೆಗೆ ಒಯ್ಯಬಹುದೇ? ಕೋವಿ ಸದ್ದಿಗೆ ಹೆದರದಂತೆ ಮಾಡುವುದು ಹೇಗೆ? (ಟೆನ್ನೆಸ್ಸಿ)

ಮೊಲ ಪರಿಚಯಿಸಲು ವಯಸ್ಸು ಸರಿಯಾಗಿದೆ, ಕೋವಿಗೆ ಇನ್ನೂ ಸಮಯವಿದೆ. ಮೊದಲು ಸೀಟಿಗೆ ಬರುವುದು ಕಲಿಸಿ. ಆಮೇಲೆ ಬೇಲಿ ಹಾಕಿದ ತರಬೇತಿ ಜಾಗದಲ್ಲಿ ಕಣ್ಣಿಗೆ ಕಂಡ ಮೊಲವನ್ನು ಅಟ್ಟಲಿ. ಕಣ್ಣಿನಿಂದ ಮರೆಯಾದ ಕ್ಷಣ ಮೂಗು ನೆಲಕ್ಕಿಳಿಯುತ್ತದೆ. ಮೊದಮೊದಲು 20-30 ನಿಮಿಷಕ್ಕಿಂತ ಹೆಚ್ಚು ಬೇಡ, ಬೇಸರ ಬರುವ ಮೊದಲೇ ಎತ್ತಿಕೊಳ್ಳಿ. ವೇಗದ ದೊಡ್ಡ ನಾಯಿಗಳ ಜೊತೆ ಬಿಟ್ಟರೆ ಮರಿ ಮೂಸುವುದನ್ನು ಬಿಟ್ಟು ಅವುಗಳ ಬಾಲ ನೋಡುತ್ತಾ ಓಡುವುದನ್ನಷ್ಟೇ ಕಲಿಯುತ್ತದೆ. ಮರಿ ಹಾಕುವ ಕಾಲದಲ್ಲಿ ಕಾಡುಮೊಲದ ಮೇಲೆ ನಾಯಿ ಬಿಡುವುದನ್ನು ಕೆಲವು ರಾಜ್ಯಗಳು ತಡೆದಿವೆ, ಅದನ್ನೂ ನೋಡಿಕೊಳ್ಳಿ.

ಸದ್ದಿನ ವಿಷಯ: ಮರಿ ಜಾಡಿನ ಮೇಲೆ ಜೋರಾಗಿ ಕೂಗುತ್ತಿರುವಾಗ ಮಾತ್ರ, ನೂರು ಗಜದಾಚೆಯಿಂದ, ಸಣ್ಣ ಸದ್ದಿನ ಆಟದ ಪಿಸ್ತೂಲು. ತಲೆಯೆತ್ತದಿದ್ದರೆ ಮುಂದಿನ ವಾರಗಳಲ್ಲಿ ಹತ್ತಿರಕ್ಕೆ ಬನ್ನಿ, ಆಮೇಲೆ ನಿಜವಾದ ಕೋವಿ. ಬಾಲ ಮಡಿಚಿ ನಿಮ್ಮ ಕಡೆ ಓಡಿ ಬಂದರೆ ಮುದ್ದು ಮಾಡಿ ಸಮಾಧಾನಿಸದೆ, ಬೈಯದೆ, ಎರಡು ವಾರ ಸದ್ದನ್ನೇ ಬಿಟ್ಟು ಬರೀ ಮೊಲ ಓಡಿಸಿ. ಶೂಟಿಂಗ್ ರೇಂಜಿಗೆ ಕರೆದೊಯ್ದು ಅಭ್ಯಾಸ ಮಾಡಿಸುವವರ ಮಾತು ಕೇಳಬೇಡಿ. ಎಷ್ಟೋ ನಾಯಿಗಳು ಅಲ್ಲೇ ಕೆಟ್ಟಿರುವುದು.

ಪ್ರಶ್ನೆ: ಜಿಂಕೆ ಹಿಂದೆ ಹೋಗುತ್ತದೆ. ಹೊಡೆಯಬೇಕೇ? (ವರ್ಜೀನಿಯಾ)

ಹೊಡೆದು ಪ್ರಯೋಜನವಿಲ್ಲ. ನೀವು ಹಿಡಿಯುವ ಹೊತ್ತಿಗೆ ಅದಕ್ಕೆ ಜಿಂಕೆ ಮರೆತಿರುತ್ತದೆ. ಹತ್ತಿರ ಬಂದದ್ದಕ್ಕೆ ಪೆಟ್ಟು ಎಂದುಕೊಳ್ಳುತ್ತದೆ. ಜಿಪಿಎಸ್ ಕೊರಳಪಟ್ಟಿ ಹಾಕಿ. ಪರದೆಯ ಮೇಲೆ ಗೆರೆ ಬಾಗಿ ತಿರುಗುತ್ತಿದ್ದರೆ ಮೊಲ, ಬಾಗದೆ ಅರ್ಧ ಮೈಲಿ ನೇರ ಹೋದರೆ ಜಿಂಕೆ ಎಂದೇ ಎಣಿಸಿ ಅಡ್ಡಹಾಕಿ. ಗುಂಡಿ ಒತ್ತಿದರೆ ಶಾಕ್ ಕೊಡುವ ವಿದ್ಯುತ್ ಕೊರಳಪಟ್ಟಿ ಬಳಸುವುದಾದರೆ ನಾಯಿಗೆ ಕರೆ, ಸೀಟಿ ಚೆನ್ನಾಗಿ ಗೊತ್ತಿರಬೇಕು, ಕಡಿಮೆ ಮಟ್ಟದಿಂದಲೇ ಶುರುವಾಗಬೇಕು, ಮತ್ತು ಅಟ್ಟುತ್ತಿರುವುದು ಜಿಂಕೆಯನ್ನೇ ಎಂದು ಕಣ್ಣಾರೆ ಕಂಡಿರಬೇಕು. ಅನುಮಾನದ ಮೇಲೆ ಒತ್ತಿದ ಒಂದು ಗುಂಡಿ ಒಳ್ಳೆಯ ಮೊಲದ ನಾಯಿಯನ್ನು ಮೊಲಕ್ಕೂ ಹೆದರಿಸಿಬಿಡುತ್ತದೆ.

ಪ್ರಶ್ನೆ: ಕೊಯ್ದಾಗ ಪಿತ್ತಜನಕಾಂಗದ ಮೇಲೆ ಬಿಳಿ ಚುಕ್ಕೆ ಕಂಡವು. ಇನ್ನೊಂದರಲ್ಲಿ ಚರ್ಮದಡಿ ಹುಳು. ತಿನ್ನಬಹುದೇ? (ಮಿಸೌರಿ)

ಎರಡೂ ಬೇರೆ ಬೇರೆ. ಪಿತ್ತಜನಕಾಂಗ, ಗುಲ್ಮದ ಮೇಲೆ ಚಿಕ್ಕ ಬಿಳಿ ಚುಕ್ಕೆ ಹರಡಿದ್ದರೆ ಟುಲರೀಮಿಯಾ ಎಂಬ, ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ ರೋಗ ಇರಬಹುದು. ತಿನ್ನಬೇಡಿ, ನಾಯಿಗೂ ಹಾಕಬೇಡಿ. ಫ್ರೀಜರಿನಲ್ಲಿಟ್ಟರೆ ಆ ರೋಗಾಣು ಸಾಯುತ್ತದೆ ಎಂದು ನಂಬುವಂತಿಲ್ಲ. ಮೊಲ ಕೊಯ್ಯುವಾಗ ಯಾವಾಗಲೂ ರಬ್ಬರ್ ಕೈಗವಸು ಇರಲಿ, ಮಾಂಸ 74 ಡಿಗ್ರಿ ಸೆಲ್ಸಿಯಸ್ ಒಳಗಿನವರೆಗೂ ಬೇಯಲಿ. ಕೊಯ್ದ ಮೂರರಿಂದ ಐದು ದಿನದಲ್ಲಿ, ಕೆಲವೊಮ್ಮೆ ಎರಡು ವಾರದೊಳಗೆ, ಜ್ವರ, ಕೈಮೇಲೆ ಹುಣ್ಣು, ಕಂಕುಳಲ್ಲಿ ಗಡ್ಡೆ ಕಂಡರೆ ವೈದ್ಯರಿಗೆ "ಕಾಡುಮೊಲ ಕೊಯ್ದಿದ್ದೆ" ಎಂದು ನೀವೇ ಹೇಳಿ. ಅವರಾಗಿ ಊಹಿಸುವುದು ಕಷ್ಟ. ಆ್ಯಂಟಿಬಯಾಟಿಕ್‌ಗೆ ವಾಸಿಯಾಗುವ ರೋಗ. ಉಣ್ಣಿ ಕಚ್ಚಿದರೂ ಇದು ಬರುತ್ತದೆ.

ಚರ್ಮದಡಿಯ ದಪ್ಪ ಹುಳು ಬಾಟ್ ನೊಣದ ಮರಿ. ನೋಡಲು ಅಸಹ್ಯ, ಮಾಂಸಕ್ಕೆ ದೋಷವಿಲ್ಲ. ಆ ಭಾಗ ಕತ್ತರಿಸಿ ತೆಗೆಯಿರಿ. ಚಳಿ ಬಲಿತ ಮೇಲೆ ಕಾಣುವುದಿಲ್ಲ. ಕರುಳಿನ ಸುತ್ತ ಬಟಾಣಿ ಗಾತ್ರದ ನೀರುಗುಳ್ಳೆ ಕಂಡರೆ ಅದು ಲಾಡಿಹುಳುವಿನ ಮರಿ. ಮನುಷ್ಯರಿಗೆ ಅಂಟುವುದಿಲ್ಲ, ಹಸಿ ಕರುಳು ತಿಂದ ನಾಯಿಗೆ ಅಂಟುತ್ತದೆ. ಬೇಟೆ ಮುಗಿದಲ್ಲೇ ನಾಯಿಗೆ ಕರುಳು ಎಸೆಯುವ ಅಭ್ಯಾಸ ಬಿಡಿ. ತಿಂದಿದ್ದರೆ ಪಶುವೈದ್ಯರ ಬಳಿ ಲಾಡಿಹುಳುವಿನ ಔಷಧ ಪ್ರಾಜಿಕ್ವಾಂಟೆಲ್ ಕೇಳಿ.

ಹೊಡೆಯದೆಯೇ ಸತ್ತು ಬಿದ್ದ ಮೊಲಗಳು ಒಂದೆರಡಕ್ಕಿಂತ ಹೆಚ್ಚು ಕಂಡರೆ ಮುಟ್ಟದೆ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಿ. 2020ರಿಂದ ನೈರುತ್ಯ ರಾಜ್ಯಗಳ ಕಾಡುಮೊಲಗಳಲ್ಲಿ ಆರ್‌ಎಚ್‌ಡಿವಿ-2 ಎಂಬ ರಕ್ತಸ್ರಾವದ ವೈರಸ್ ಇದೆ. ಮನುಷ್ಯ, ನಾಯಿಗೆ ಬರುವುದಿಲ್ಲ, ಆದರೆ ಬೂಟಿಗಂಟಿ ಊರೂರು ತಿರುಗುತ್ತದೆ.

ಪ್ರಶ್ನೆ: ಚಳಿಯ ದಿನ ಬೇಟೆಗೆ ಹೋಗಿದ್ದಾಗ ಮಧ್ಯಾಹ್ನದ ಹೊತ್ತಿಗೆ ನಾಯಿ ನಡುಗಿ, ತೂರಾಡಿ ಬಿದ್ದಿತು. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿಸಿದ್ದೆ. (ಮಿಚಿಗನ್)

ಚಳಿಯ ದಿನವಾದ್ದರಿಂದ ಸೆಕೆಗಿಂತ ರಕ್ತದ ಸಕ್ಕರೆ ಇಳಿದಿರುವ ಸಾಧ್ಯತೆ ಹೆಚ್ಚು. ಜೇನು ಅಥವಾ ಕಾರ್ನ್ ಸಿರಪ್ ಒಸಡಿಗೆ ಸವರಿ, ಬೆಚ್ಚಗೆ ಸುತ್ತಿ. ಕೆಲವೇ ನಿಮಿಷದಲ್ಲಿ ಚೇತರಿಸಿಕೊಂಡರೂ ಆ ದಿನ ಮತ್ತೆ ಬಿಡಬೇಡಿ, ಪಶುವೈದ್ಯರಿಗೆ ತೋರಿಸಿ. ಬೆಳಗಿನ ದೊಡ್ಡ ಊಟ ನೆರವಾಗುವುದಿಲ್ಲ. ಪೂರ್ತಿ ಊಟ ಹಿಂದಿನ ರಾತ್ರಿ, ಬೇಟೆಯ ನಡುವೆ ಗಂಟೆಗೊಮ್ಮೆ ನೀರು, ಎರಡು ಗಂಟೆಗೊಮ್ಮೆ ಒಂದು ಹಿಡಿ ಆಹಾರ.

ಮನೆಗೆ ಬಂದ ಮೇಲೆ ಹದಿನೈದು ನಿಮಿಷ ನಾಯಿಗೆ ಮೀಸಲಿಡಿ. ಬೆರಳ ಸಂದಿ ಬಿಡಿಸಿ ಮುಳ್ಳು, ಹಿಮದ ಉಂಡೆ ತೆಗೆಯಿರಿ. ಕಣ್ಣಿನ ಕೆಳರೆಪ್ಪೆ ಇಳಿಸಿ ಹುಲ್ಲಿನ ಬೀಜವಿದೆಯೇ ನೋಡಿ, ಸಲೈನಿನಿಂದ ತೊಳೆಯಿರಿ. ಜೋತ ಕಿವಿಯೊಳಗೆ ತೇವ ಉಳಿದರೆ ಎರಡೇ ದಿನದಲ್ಲಿ ನಾರುತ್ತದೆ, ಒರೆಸಿ. ಬಾಲದ ತುದಿ ಮುಳ್ಳಿಗೆ ಬಡಿದು ರಕ್ತ ಚಿಮ್ಮುವುದು ಬೀಗಲ್‌ಗೆ ಮಾಮೂಲು. ಭಯ ಬೇಡ, ಆದರೆ ಗಾಯ ಒಣಗದೆ ಮತ್ತೆ ಹಳುವಿಗೆ ಬಿಟ್ಟರೆ ಋತುವಿಡೀ ವಾಸಿಯಾಗುವುದಿಲ್ಲ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಜನವರಿಯಲ್ಲಿ ಎದ್ದು ಕಂಡರೆ ಊಟ ಹೆಚ್ಚಿಸಿ, ಮೇ ತಿಂಗಳಲ್ಲಿ ಕೈಗೂ ಸಿಗದಿದ್ದರೆ ಕಡಿಮೆ ಮಾಡಿ. ಅಕ್ಟೋಬರಿಗೆ ಆರು ವಾರ ಮೊದಲೇ ಬೆಳಗಿನ ತಂಪಿನಲ್ಲಿ ದಿನಕ್ಕೊಂದು ಗಂಟೆ ನಡೆಸಲು ಶುರುಮಾಡಿದರೆ ಅಂಗಾಲೂ ಗಟ್ಟಿಯಾಗುತ್ತದೆ, ದಮ್ಮೂ ಹೆಚ್ಚುತ್ತದೆ.