ನಿತ್ಯಪುಷ್ಪದ ಕಷಾಯ ಮತ್ತು ಕ್ಯಾನ್ಸರ್ ಔಷಧಿ

ಪ್ರಶ್ನೆ: ಸಕ್ಕರೆ ಕಾಯಿಲೆಗೆಂದು ನಮ್ಮ ಅತ್ತೆಯವರು ಕುಂಡದಲ್ಲಿ ಬೆಳೆದ ನಿತ್ಯಪುಷ್ಪದ ಎಲೆಯ ಕಷಾಯ ಕುಡಿಯುತ್ತಾರೆ. ಅದೇ ಗಿಡದಿಂದ ಕ್ಯಾನ್ಸರ್ ಔಷಧಿ ತಯಾರಾಗುತ್ತದೆಂದು ತಿಳಿದ ಮೇಲೆ, ಕಿಮೋಥೆರಪಿ ಪಡೆಯುತ್ತಿರುವ ನಮ್ಮ ಚಿಕ್ಕಮ್ಮನಿಗೂ ಕೊಡೋಣವೆನ್ನುತ್ತಿದ್ದಾರೆ. ಕೊಡಬಹುದೇ? ಬೆಂಗಳೂರಿನ ವಿಜ್ಞಾನಿಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಹೊಸ ಅಣು ಕಂಡುಹಿಡಿದರೆಂದು ಆಗಾಗ ಓದುತ್ತೇವೆ. ಅವು ಆಸ್ಪತ್ರೆಗೆ ಏಕೆ ಬರುವುದಿಲ್ಲ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ದಯವಿಟ್ಟು ಕೊಡಬೇಡಿ. ಅತ್ತೆಯವರೂ ಕಷಾಯ ನಿಲ್ಲಿಸಿ, ಇಷ್ಟು ದಿನ ಕುಡಿದದ್ದನ್ನು ತಮ್ಮ ವೈದ್ಯರಿಗೆ ತಿಳಿಸಲಿ.

ಈ ಔಷಧಿಯ ಚರಿತ್ರೆ ಶುರುವಾದದ್ದೇ ನಿಮ್ಮ ಅತ್ತೆಯವರಂಥವರ ನಂಬಿಕೆಯಿಂದ. ಜಮೈಕಾದಲ್ಲಿಯೂ ಜನ ಈ ಎಲೆಯನ್ನು ಕುದಿಸಿ ಮಧುಮೇಹಕ್ಕೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಅದರ ಸಾರವನ್ನು ಇಲಿಗಳಿಗೆ ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ; ಬಿಳಿ ರಕ್ತಕಣಗಳು ಕುಸಿದು, ಇಲಿಗಳು ಸೋಂಕಿನಿಂದ ಸತ್ತವು. ಬಿಳಿ ಕಣಗಳನ್ನು ಇಳಿಸುವ ವಸ್ತು ರಕ್ತದ ಕ್ಯಾನ್ಸರಿಗೆ ಉಪಯೋಗವಾದೀತೆಂಬ ಯೋಚನೆ ಅಲ್ಲಿಂದ ಮೊಳೆಯಿತು. ಅವರೂ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಅವರೂ ಸೇರಿ ಬೇರ್ಪಡಿಸಿದ ವಿನ್‌ಬ್ಲಾಸ್ಟಿನ್‌ನ ವಿವರ 1958ರಲ್ಲಿ ಪ್ರಕಟವಾಯಿತು. ಅದರ ಸೋದರ ಅಣು ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಇಂದಿಗೂ ಮುಖ್ಯ ಔಷಧಿ.

ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮ ನಾಳಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದಾಗಿವೆ. ಈ ಅಣುಗಳು ಟ್ಯೂಬುಲಿನ್‌ಗೆ ಅಂಟಿಕೊಂಡು ನಾಳ ಕಟ್ಟದಂತೆ ತಡೆಯುವುದರಿಂದ ವಿಭಜನೆ ನಡುವೆಯೇ ನಿಂತುಹೋಗುತ್ತದೆ. ಆದರೆ ಬಿಳಿ ರಕ್ತಕಣಗಳನ್ನು ತಯಾರಿಸುವ ನಮ್ಮ ಅಸ್ಥಿಮಜ್ಜೆಯ ಕೋಶಗಳೂ ಸದಾ ವಿಭಜನೆಯಾಗುತ್ತಿರುತ್ತವೆ. ವಿನ್‌ಕ್ರಿಸ್ಟಿನ್ನಿನ ಒಂದು ಸಲದ ಪ್ರಮಾಣವನ್ನು ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಲು ಬಿಡುವುದಿಲ್ಲ, ಅಂದರೆ ಒಂದು ಅಕ್ಕಿಕಾಳಿನ ತೂಕದ ಸುಮಾರು ಹತ್ತನೆಯ ಒಂದು ಪಾಲು. ಹಿಡಿ ಎಲೆ ಕುದಿಸಿದ ಲೋಟದಲ್ಲಿ ಯಾವ ಆಲ್ಕಲಾಯ್ಡ್ (ಗಿಡದಲ್ಲಿರುವ ಇಂಥ ತೀಕ್ಷ್ಣ ರಾಸಾಯನಿಕ) ಎಷ್ಟು ಇಳಿದಿದೆಯೆಂದು ಅಡುಗೆಮನೆಯಲ್ಲಿ ಅಳೆಯಲಾಗದು. ಕಿಮೋಥೆರಪಿಯಿಂದ ಬಿಳಿ ಕಣಗಳು ಮೊದಲೇ ಇಳಿದಿರಬಹುದಾದ ಚಿಕ್ಕಮ್ಮನಿಗೆ ಅದನ್ನು ಕೊಡುವುದು ಅಪಾಯವೇ ಸರಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪ್ರಯೋಗಾಲಯದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ 96 ಪುಟ್ಟ ಗುಳಿಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ, ಹೊಸ ಅಣುವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಎರಡು ಮೂರು ದಿನಗಳ ನಂತರ ಎಂಟಿಟಿ ಎಂಬ ಹಳದಿ ಬಣ್ಣ ಸೇರಿಸಿದರೆ ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿಸುತ್ತವೆ. ಕೋಶಗಳು ಸತ್ತಿರುವ ಗುಳಿ ಹಳದಿಯಾಗಿಯೇ ಉಳಿಯುತ್ತದೆ. ನೀವು ಓದುವ ಎಷ್ಟೋ ಸುದ್ದಿಗಳ ಮೂಲ ಈ ಹಳದಿ ಗುಳಿ. ಆದರೆ ಫಿನಾಯಿಲ್ ಹನಿಸಿದರೂ ಕೋಶಗಳು ಸಾಯುತ್ತವೆ. ಆರೋಗ್ಯವಂತ ಕೋಶಕ್ಕೆ ಏನಾಯಿತು, ಅಣು ನೀರಿನಲ್ಲಿ ಕರಗುತ್ತದೆಯೇ, ಯಕೃತ್ತು ಅದನ್ನು ಬೇಗನೆ ಒಡೆದುಹಾಕುತ್ತದೆಯೇ ಎಂದು ಕೇಳಿಕೊಂಡು, ಅಣುವನ್ನು ಮತ್ತೆ ಮತ್ತೆ ತಿದ್ದುವುದರಲ್ಲಿಯೇ ಔಷಧ ರಸಾಯನಶಾಸ್ತ್ರಜ್ಞರ ವರ್ಷಗಳು ಕಳೆಯುತ್ತವೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಇದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ. ಅದರ ಪೂರ್ವರೂಪದ ಅಣು ಬೇಡದ ಕಿಣ್ವವೊಂದನ್ನೂ ತಡೆಯುತ್ತಿತ್ತು. ಒಂದು ಇಂಗಾಲ, ಮೂರು ಜಲಜನಕದ ಪರಮಾಣುಗಳ ಒಂದೇ ಒಂದು ಮೀಥೈಲ್ ಗುಂಪನ್ನು ಸರಿಯಾದ ಜಾಗದಲ್ಲಿ ಕೂರಿಸಿದಾಗ ಆ ತೊಂದರೆ ತಪ್ಪಿತು. ಸರಿಯಾಗಿ ಕರಗದ ದೋಷವನ್ನು ಇನ್ನೊಂದು ತುಣುಕು ಜೋಡಿಸಿ ನಿವಾರಿಸಿದ ಮೇಲೆ ಅದು ನುಂಗುವ ಔಷಧಿಯಾಗಲು ಯೋಗ್ಯವಾಯಿತು.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡ 2012ರಲ್ಲಿ ಎಸ್‌ಸಿಆರ್7 ಎಂಬ ಅಣುವನ್ನು ಪ್ರಕಟಿಸಿತು. ತುಂಡಾದ ಡಿಎನ್‌ಎಯನ್ನು ಕ್ಯಾನ್ಸರ್ ಕೋಶ ಮರಳಿ ಬೆಸೆದುಕೊಳ್ಳದಂತೆ ತಡೆದು, ಆ ಕೋಶವನ್ನು ಸಾಯಿಸುವುದು ಅದರ ಉದ್ದೇಶ. 2016ರಲ್ಲಿ ಹೊರದೇಶದ ತಂಡವೊಂದು ಅದರ ರಚನೆಯನ್ನೂ ಪರಿಣಾಮವನ್ನೂ ಪ್ರಶ್ನಿಸಿತು; ಬೆಂಗಳೂರಿನ ತಂಡ ಅಣುವಿನ ಬೇರೆ ಬೇರೆ ರೂಪಗಳನ್ನು ಪರೀಕ್ಷಿಸಿ ಉತ್ತರ ಕೊಟ್ಟಿತು. ಇಂಥ ವಾದವನ್ನು ಸೋಲೆಂದು ತಿಳಿಯಬೇಡಿ. ರೋಗಿಯ ಮೈಗೆ ಹೋಗುವ ಮುನ್ನ ಅಣುವೊಂದು ಎದುರಿಸಲೇಬೇಕಾದ ಪರೀಕ್ಷೆಯಿದು.

ಚಿಕ್ಕಮ್ಮ ಈಗಾಗಲೇ ಕಷಾಯ ಕುಡಿದಿದ್ದರೆ, ಯಾವ ದಿನ ಎಷ್ಟು ಕುಡಿದರೆಂದು ಬರೆದುಕೊಂಡು ಅವರ ಕ್ಯಾನ್ಸರ್ ವೈದ್ಯರಿಗೆ ಇಂದೇ ತಿಳಿಸಿ. ಚಿಕಿತ್ಸೆಯ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮನೆಯಲ್ಲಿ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.