ಐದೇ ನಿಮಿಷ ಅಂತ ನಾಯೀನ ಕಾರಲ್ಲಿ ಬಿಡಬೇಡಿ

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ವಾರ ಆಯಿತು, ಜೊತೆಗೆ ನಿಮ್ಮ ಲ್ಯಾಬ್ರಡಾರ್ ಕೂಡ ಬಂದಿದೆ ಅಂದಿರಿ. ಅಂಗಡಿಗೆ ಹೋದಾಗ ಅದನ್ನು ಕಾರಲ್ಲೇ ಬಿಡಬಹುದಾ, ಹಗಲು ಹೊತ್ತು ಹಿತ್ತಲಲ್ಲಿ ಕಟ್ಟಿಹಾಕಬಹುದಾ ಅಂತ ಕೇಳಿದ್ದೀರಿ. ಅಕ್ಕ ಅಂತ ಕರೆದಿದ್ದೀರಲ್ಲ, ನೇರವಾಗಿ ಹೇಳುತ್ತೇನೆ: ಕಾರಲ್ಲಿ ಬಿಡಲೇಬೇಡಿ. ನಾನು ಬಿಟ್ಟು ಮಾನ ಕಳಕೊಂಡವಳು.

ಆಗ ಮಾರ್ಚ್, ಹೊರಗೆ 22 ಡಿಗ್ರಿ. ನಾನೇ ಸ್ವೆಟರ್ ಹಾಕಿದ್ದೆ. ಫ್ರೀಮಾಂಟ್‌ನಲ್ಲಿ ಒಂದು ದೇಸಿ ಅಂಗಡಿ ಮುಂದೆ ಕಾರು ನಿಲ್ಲಿಸಿ, ಕಿಟಕಿ ಎರಡು ಬೆರಳಷ್ಟು ಇಳಿಸಿ, ಕೊತ್ತಂಬರಿ ಸೊಪ್ಪು ತರೋಣ ಅಂತ ಓಡಿದೆ. ಒಳಗೆ ಹೋದ ಮೇಲೆ ಹೆಸರುಬೇಳೆ ನೆನಪಾಯಿತು, ಆಮೇಲೆ ಕ್ಯೂನಲ್ಲಿ ನನ್ನ ಮುಂದಿದ್ದವರ ಕಾರ್ಡ್ ಕೆಲಸ ಮಾಡಲಿಲ್ಲ, ಅಂತೂ ಇಪ್ಪತ್ತು ನಿಮಿಷ ಆಗಿಹೋಯಿತು. ಬಂದು ನೋಡಿದರೆ ಗಾಜಿನ ಒಳಗಡೆಯೆಲ್ಲ ಜೊಲ್ಲು. ನಮ್ಮ ನಾಯಿ ಪುಟ್ಟ, ನಾಲಿಗೆ ಚಾಚಿಕೊಂಡು ಸೀಟಿನ ಕೆಳಗೆ ನುಸುಳಲು ನೋಡುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಅಜ್ಜಿ ಫೋನಿನಲ್ಲಿ ಪೊಲೀಸರಿಗೆ ನನ್ನ ನಂಬರ್ ಪ್ಲೇಟ್ ಓದಿ ಹೇಳುತ್ತಿದ್ದಾರೆ!

ಆ ಅಜ್ಜಿ ಬೇಕಿದ್ದರೆ ಗಾಜನ್ನೇ ಒಡೆಯಬಹುದಿತ್ತು. 2017ರಿಂದ ಕ್ಯಾಲಿಫೋರ್ನಿಯಾದಲ್ಲಿ ದಾರಿಹೋಕರಿಗೂ ಆ ಹಕ್ಕಿದೆ. ಬಾಗಿಲು ಲಾಕ್ ಆಗಿರಬೇಕು, ಪ್ರಾಣಿಯ ಜೀವಕ್ಕೆ ಅಪಾಯ ಅನ್ನಿಸಬೇಕು, ಮೊದಲು 911 ಅನ್ನುವ ತುರ್ತು ನಂಬರಿಗೋ ಪೊಲೀಸರಿಗೋ ಫೋನ್ ಮಾಡಿರಬೇಕು, ಅವರು ಬರುವ ತನಕ ಅಲ್ಲೇ ಇರಬೇಕು. ಇಷ್ಟು ಮಾಡಿದರೆ ಗಾಜಿನ ದುಡ್ಡು ಕೊಡಿ ಅಂತ ನಾವು ಕೇಳುವ ಹಾಗಿಲ್ಲ.

ಪೊಲೀಸರು ಬಂದಾಗ, ಕಿಟಕಿ ಇಳಿಸಿದ್ದೆನಲ್ಲ ಅಂತ ನಾನೂ ವಾದ ಮಾಡಿದೆ. ಅದರಿಂದ ಏನೂ ಉಪಯೋಗವಿಲ್ಲವಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2005ರಲ್ಲೇ ಅಳೆದು ನೋಡಿದ್ದಾರೆ: ಹೊರಗೆ ತಂಪಾಗಿದ್ದರೂ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರುತ್ತದೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಮೊದಲ ಅರ್ಧ ಗಂಟೆಯಲ್ಲೇ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು, ಒಳಗಿನ ಗಾಳಿಯೇ ಕಾದಿದ್ದರೆ ಅದೂ ನಡೆಯಲ್ಲ.

ಪೊಲೀಸರು ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮೊದಲ ಸಲ ನಾಯಿಗೆ ದೊಡ್ಡ ಪೆಟ್ಟೇನೂ ಆಗದಿದ್ದರೆ 100 ಡಾಲರ್ ತನಕ ದಂಡ. ದೊಡ್ಡ ಪೆಟ್ಟಾದರೆ, ಅಥವಾ ಎರಡನೇ ಸಲ ಸಿಕ್ಕಿಬಿದ್ದರೆ, 500 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ನಮ್ಮ ಭಾರತದಲ್ಲೂ ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆ ಇದೆ ನಿಜ, ಆದರೆ ಅದರಲ್ಲಿ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಲ್ಲಿ ಓಡಾಡಬೇಡಿ.

ಕಟ್ಟಿಹಾಕುವುದಕ್ಕೂ ಮಿತಿ ಇದೆ. ಮರಕ್ಕೋ ಕಂಬಕ್ಕೋ ಕಟ್ಟಿದರೆ ದಿನಕ್ಕೆ ಮೂರು ಗಂಟೆ ಮೀರುವ ಹಾಗಿಲ್ಲ, ಅದೂ ನಾಯೀನ ಕಟ್ಟಿಯೇ ಮುಗಿಸಬೇಕಾದ ಸಣ್ಣ ಕೆಲಸ ಏನಾದರೂ ಇದ್ದಾಗ ಮಾತ್ರ. ಬೆಳಗ್ಗೆ ಕಟ್ಟಿ ಆಫೀಸಿಗೆ ಹೋಗಿ ಸಂಜೆ ಬಿಚ್ಚುವುದು ನಡೆಯಲ್ಲ. ಸುತ್ತ ಬೇಲಿ ಇದ್ದರೆ ಸುಮ್ನೆ ಬಿಟ್ಟುಬಿಡಿ, ಆದರೆ ನೆರಳು, ನೀರು ಇರಲಿ.

ಈಗ ಅಂಗಡಿಗೆ ಹೋಗುವಾಗ ಪುಟ್ಟ ಮನೆಯಲ್ಲೇ ಇರುತ್ತಾನೆ. ಕಾರಿನ ಕೀ ಶಬ್ದ ಕೇಳಿದ್ದೇ ಬಾಗಿಲಿಗೆ ಅಡ್ಡ ಕೂರುತ್ತಾನೆ. ಅವನ ಮುಖ ನೋಡದೆ ದಾಟಿಕೊಂಡು ಹೋಗುತ್ತೇನೆ, ಬರುವಾಗ ಒಂದು ಕ್ಯಾರೆಟ್ ಹಿಡಕೊಂಡು ಬರುತ್ತೇನೆ.